ಕಣ್ಣಿಲ್ಲದ ಗೇರ್‌ಬಾಕ್ಸಿಗೆ ಏರು ಬಂದದ್ದು ಹೇಗೆ ಗೊತ್ತಾಗುತ್ತದೆ?

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಒಂದು ಬುಲೆಟ್ ಟ್ಯಾಂಕರ್ ತೆವಳುತ್ತಿತ್ತು. ಪಕ್ಕದ ಸೀಟಿನಲ್ಲಿ ಮಾವ ಕೂತಿದ್ದರು. ಮೂವತ್ತು ವರ್ಷ ಲಾರಿ, ಜೀಪು ಓಡಿಸಿದ ಕೈ ಅದು. ಆಟೊಮ್ಯಾಟಿಕ್ ಕಾರಿನಲ್ಲಿ ಘಾಟಿ ಹತ್ತಿದ್ದು ಅವತ್ತೇ ಮೊದಲು. ನನ್ನ ಬಲಗಾಲು ಆಕ್ಸಿಲರೇಟರ್ ಮೇಲೆ ಇದ್ದ ಹಾಗೇ ಇತ್ತು. ಆದರೂ ಒಂದು ತಿರುವಿನಲ್ಲಿ ಏರು ಜಾಸ್ತಿ ಆಗುತ್ತಿದ್ದಂತೆ ಎಂಜಿನ್ ಸದ್ದು ಒಂದು ಮೆಟ್ಟಿಲು ಮೇಲೆ ಹೋಯಿತು. ಕಾರು ಮತ್ತೆ ಬಿಗಿಯಾಗಿ ಎಳೆಯತೊಡಗಿತು. ಗೇರ್ ಇಳಿದಿತ್ತು. ಸರಿಯಾಗಿ ಅದೇ ಹೊತ್ತಿಗೆ ಮಾವನ ಎಡಗಾಲು ಕೆಳಗಿನ ಮ್ಯಾಟನ್ನು ಒತ್ತಿದ್ದು ಕಂಡಿತು. ಅಲ್ಲಿ ಇಲ್ಲದ ಕ್ಲಚ್ಚನ್ನು ಅವರ ಕಾಲು ತುಳಿದಿತ್ತು.

"ಸರಿಯಾದ ಜಾಗದಲ್ಲೇ ಇಳಿಸ್ತು. ನಾನಾಗಿದ್ರೂ ಇಲ್ಲೇ ಇಳಿಸ್ತಿದ್ದೆ. ಇದಕ್ಕೆ ಹೆಂಗೆ ಗೊತ್ತಾಯ್ತು ಅಳಿಯಂದ್ರೇ?" ಅಂತ ಕೇಳಿದರು.

ಸಕಲೇಶಪುರ ಬರುವವರೆಗೂ ಅದೇ ಮಾತು ನಡೆಯಿತು. ಅವತ್ತು ಅವರಿಗೆ ಹೇಳಿದ್ದನ್ನೇ ಇನ್ನೂ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗೇರ್ ಯಾಕೆ ಬೇಕು ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ. ಒಂದು ಸಾಧಾರಣ ಕಾರಿನ ಚಕ್ರ ಒಂದು ಸುತ್ತು ಸುತ್ತಿದರೆ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ ಅಂದುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗ ಅಂದರೆ ನಿಮಿಷಕ್ಕೆ 1000 ಮೀಟರ್. ಅಂದರೆ ಚಕ್ರ ನಿಮಿಷಕ್ಕೆ ಹೆಚ್ಚುಕಡಿಮೆ 525 ಸುತ್ತು ಸುತ್ತಬೇಕು. ಗೇರ್‌ಬಾಕ್ಸ್ ಆದಮೇಲೆ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನಲ್ಲಿ ಒಂದಕ್ಕೆ ನಾಲ್ಕು ಇಳಿಕೆ ಇದೆ ಅನ್ನಿ. ಆಗ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ 2100 ಸುತ್ತು ಸುತ್ತುತ್ತದೆ. ಈಗ ಅದೇ 60ರ ವೇಗದಲ್ಲಿ ಕಾರು ಫಸ್ಟ್ ಗೇರಿನಲ್ಲಿದ್ದರೆ ಏನಾಗುತ್ತದೆ? ಫಸ್ಟ್ ಗೇರ್ ಮತ್ತೆ ನಾಲ್ಕು ಪಟ್ಟು ಇಳಿಸುವಂಥದ್ದು. ಎಂಜಿನ್ 8400 ಸುತ್ತು ಸುತ್ತಬೇಕಾಗುತ್ತದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ 6000 ದಾಟಿದರೆ ಕೆಂಪು ಗೆರೆ ಮುಟ್ಟುತ್ತದೆ, ಹಾಗಾಗಿ ಇದು ಆಗದ ಮಾತು. ಅದೇ ಟಾಪ್ ಗೇರಿನಲ್ಲಿ, ಅದರ ಅನುಪಾತ 0.7 ಆದರೆ, ಎಂಜಿನ್ 1500ರ ಒಳಗೇ ಇರುತ್ತದೆ. ಸದ್ದಿಲ್ಲ, ಪೆಟ್ರೋಲ್ ಉಳಿತಾಯ. ಆದರೆ ಏರು ಬಂದರೆ ಎಳೆಯುವ ಶಕ್ತಿ ಸಾಲುವುದಿಲ್ಲ, ಗಾಡಿ ನಡುಗುತ್ತದೆ.

ಹಾಗಾಗಿ 60ರಲ್ಲಿ ಹೋಗುತ್ತಿರುವ ಕಾರಿಗೆ "ಸರಿಯಾದ ಗೇರ್" ಅಂತ ಒಂದೇ ಒಂದು ಇಲ್ಲ. ಸಮತಟ್ಟಿನಲ್ಲಿ ಸುಮ್ನೆ ಹೋಗುತ್ತಿದ್ದರೆ ಆರನೆಯದು ಸರಿ. ಮುಂದಿನ ಬಸ್ಸನ್ನು ಹಿಂದೆ ಹಾಕಬೇಕೆಂದರೆ ಮೂರನೆಯದು. ವೇಗ ಒಂದೇ, ನಿಮ್ಮ ಉದ್ದೇಶ ಬೇರೆ. ಕಷ್ಟ ಇರುವುದೇ ಇಲ್ಲಿ. ಗೇರ್ ಬದಲಿಸುವ ಕೆಲಸವನ್ನು ಎಣ್ಣೆಯ ಒತ್ತಡದಿಂದ ಮಾಡಿಸಬಹುದು. ಆದರೆ ಯಾವಾಗ ಬದಲಿಸಬೇಕು ಅನ್ನುವುದಕ್ಕೆ ಡ್ರೈವರ್ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಬೇಕು.

ಮಾವನಂಥವರು ಗೇರ್ ಹಾಕುವಾಗ ಕಣ್ಣಿನಿಂದ ಏರನ್ನು ನೋಡುತ್ತಾರೆ. ಕಿವಿಯಿಂದ ಎಂಜಿನ್ ಕೇಳುತ್ತಾರೆ. ಸೀಟಿನ ಮೂಲಕ ಬೆನ್ನಿಗೆ ಗಾಡಿ ಸೋಲುತ್ತಿರುವುದು ಗೊತ್ತಾಗುತ್ತದೆ. ಹಿಂದೆ ಎಷ್ಟು ಲೋಡ್ ಇದೆ ಅನ್ನುವುದು ನೆನಪಿನಲ್ಲಿರುತ್ತದೆ. ಗೇರ್‌ಬಾಕ್ಸಿಗೆ ಇದೇನೂ ಇಲ್ಲ. ಅದಕ್ಕೆ ರಸ್ತೆ ಕಾಣುವುದಿಲ್ಲ. ಅದಕ್ಕೆ ಮೂಲದಲ್ಲಿ ಗೊತ್ತಿರುವುದು ಎರಡೇ ಸಂಗತಿ: ಗಾಡಿ ಎಷ್ಟು ವೇಗದಲ್ಲಿದೆ, ಮತ್ತು ನಿಮ್ಮ ಬಲಗಾಲು ಎಷ್ಟು ಕೇಳುತ್ತಿದೆ. ಉಳಿದದ್ದೆಲ್ಲ ಈ ಎರಡರ ಮೇಲೆ ಕಟ್ಟಿದ ಕಟ್ಟಡ.

ಎಣ್ಣೆಯಲ್ಲೇ ನಡೆಯುವ ಹಗ್ಗಜಗ್ಗಾಟ

ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಈ ಕೆಲಸ ಆಗಿತ್ತು ಅನ್ನುವುದು ನನಗೆ ಇವತ್ತಿಗೂ ದೊಡ್ಡ ಸೋಜಿಗ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1939ರಲ್ಲಿ ಹೈಡ್ರಾ-ಮ್ಯಾಟಿಕ್ ಅನ್ನುವ ಗೇರ್‌ಬಾಕ್ಸ್ ತಂದಿತು. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಅದು ಮಾರಾಟವಾಯಿತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ತಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅದೇ. ನಾಲ್ಕು ಗೇರ್ ಇದ್ದವು. ಅದರ ನಿರ್ಧಾರದಲ್ಲಿ ಒಂದೇ ಒಂದು ವೈರ್ ಇರಲಿಲ್ಲ. ಎಲ್ಲವೂ ಎಣ್ಣೆ, ಸ್ಪ್ರಿಂಗ್, ತೂಕದ ಬಟ್ಟು.

ವೇಗ ತಿಳಿಯುವುದಕ್ಕೆ ಗವರ್ನರ್ ಅನ್ನುವ ಸಣ್ಣ ಭಾಗ ಇತ್ತು. ಕವಣೆ ಬೀಸಿದ್ದೀರಾ? ಜೋರಾಗಿ ತಿರುಗಿಸಿದಷ್ಟೂ ಕಲ್ಲು ಹೊರಕ್ಕೆ ಎಳೆಯುತ್ತದೆ, ಕೈಗೆ ಭಾರ ಗೊತ್ತಾಗುತ್ತದೆ. ಅಷ್ಟೇ ವಿಷಯ. ಗೇರ್‌ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಶಾಫ್ಟ್ ಮೇಲೆ ಎರಡು ಸಣ್ಣ ತೂಕ ಕೂರಿಸಿರುತ್ತಾರೆ. ಗಾಡಿ ಓಡಿದಂತೆ ಶಾಫ್ಟ್ ತಿರುಗುತ್ತದೆ, ತೂಕಗಳು ಹೊರಕ್ಕೆ ಹೋಗಲು ನೋಡುತ್ತವೆ. ಹಾಗೆ ಹೋಗುವಾಗ ಒಂದು ವಾಲ್ವನ್ನು ತೆರೆಯುತ್ತವೆ, ಒಂದು ಕೊಳವೆಯಲ್ಲಿ ಎಣ್ಣೆಯ ಒತ್ತಡ ಏರುತ್ತದೆ. ಆ ಒತ್ತಡವೇ ಗೇರ್‌ಬಾಕ್ಸಿನ ಪಾಲಿಗೆ ಸ್ಪೀಡೊಮೀಟರ್. ಜೇಮ್ಸ್ ವ್ಯಾಟ್ 1788ರಲ್ಲಿ ತನ್ನ ಉಗಿಯಂತ್ರಕ್ಕೆ ಹಾಕಿದ್ದ ತಿರುಗುವ ಗುಂಡುಗಳ ಗವರ್ನರ್ ಕೂಡ ಇದೇ ಜಾತಿಯದ್ದು.

ಇದರಲ್ಲೊಂದು ತೊಡಕಿದೆ. ವೇಗ ಎರಡು ಪಟ್ಟಾದರೆ ಹೊರಕ್ಕೆ ಎಳೆಯುವ ಬಲ ನಾಲ್ಕು ಪಟ್ಟಾಗುತ್ತದೆ. ನಿಧಾನದಲ್ಲಿ ಒತ್ತಡ ಸಾಲದು, ಜೋರಿನಲ್ಲಿ ಅತಿ ಆಗುತ್ತದೆ. ಅದಕ್ಕೇ ಒಂದು ಭಾರದ ತೂಕ, ಒಂದು ಹಗುರ ತೂಕ ಇಡುತ್ತಾರೆ. ನಿಧಾನದಲ್ಲಿ ಎರಡೂ ಕೆಲಸ ಮಾಡುತ್ತವೆ. ಒಂದು ವೇಗ ದಾಟಿದ ಮೇಲೆ ಭಾರದ್ದು ಅಂಚಿಗೆ ತಾಗಿ ನಿಂತುಬಿಡುತ್ತದೆ, ಹಗುರದ್ದು ಮಾತ್ರ ಮುಂದುವರಿಯುತ್ತದೆ. ಕಾಗದ, ಪೆನ್ಸಿಲ್ ಹಿಡಿದು ಇಂಥದ್ದನ್ನು ಯೋಚಿಸಿದವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಕಾಲಿನ ಸುದ್ದಿ ತಿಳಿಯುವುದು ಸುಲಭ. ಆಕ್ಸಿಲರೇಟರಿನಿಂದ ಒಂದು ಕೇಬಲ್ ಗೇರ್‌ಬಾಕ್ಸಿಗೆ ಬರುತ್ತದೆ. ಜಾಸ್ತಿ ಒತ್ತಿದರೆ ಅದು ಇನ್ನೊಂದು ವಾಲ್ವನ್ನು ತಳ್ಳುತ್ತದೆ, ಇನ್ನೊಂದು ಕೊಳವೆಯಲ್ಲಿ ಒತ್ತಡ ಏರುತ್ತದೆ. ಕೆಲವು ಗಾಡಿಗಳಲ್ಲಿ ಕೇಬಲ್ ಬದಲು ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ವ್ಯಾಕ್ಯೂಮ್ ಬಳಸುತ್ತಿದ್ದರು. ಕಾಲು ಒತ್ತಿದಷ್ಟೂ ಆ ವ್ಯಾಕ್ಯೂಮ್ ಕಡಿಮೆ ಆಗುತ್ತದೆ, ಅದನ್ನು ನೋಡಿಯೇ ಗೇರ್‌ಬಾಕ್ಸ್ ಎಂಜಿನ್ನಿನ ಮೇಲಿನ ಹೊರೆ ಅಳೆಯುತ್ತದೆ.

ಈಗ ಈ ಎರಡು ಒತ್ತಡ ಎಲ್ಲಿ ಎದುರುಬದುರಾಗುತ್ತವೆ? ಅದನ್ನು ನಾನು ಕಣ್ಣಾರೆ ನೋಡಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ. ಅಲ್ಲೊಬ್ಬರು ಹಳೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಇಟ್ಟಿದ್ದರು. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ಒಂದು ಅಲ್ಯೂಮಿನಿಯಂ ಹಲಗೆ. ಅದರ ತುಂಬ ಗೆದ್ದಲು ಕೊರೆದ ಹಾಗೆ ಅಂಕುಡೊಂಕು ಕಾಲುವೆಗಳು. "ನೋಡಿ ಸಾರ್, ಇದೇ ಇದರ ತಲೆ. ವಾಲ್ವ್ ಬಾಡಿ" ಅಂದರು. ಒಂದು ರಂಧ್ರದಿಂದ ಬೆರಳಿನಷ್ಟು ದಪ್ಪದ, ನಡುನಡುವೆ ಸೊಂಟದಂತೆ ಕಿರಿದಾದ ಸರಳೊಂದನ್ನು ಹೊರಗೆ ಎಳೆದರು. ಅದರ ಹಿಂದೆ ಪೆನ್ನಿನ ಸ್ಪ್ರಿಂಗಿನಂಥದ್ದು ಒಂದು ಜಾರಿ ಬಂತು. ಅದೇ ಶಿಫ್ಟ್ ವಾಲ್ವ್.

ಆ ಸರಳಿನ ಒಂದು ತುದಿಗೆ ಗವರ್ನರಿನ ಎಣ್ಣೆ ಬಂದು ತಳ್ಳುತ್ತದೆ. ಇನ್ನೊಂದು ತುದಿಗೆ ಸ್ಪ್ರಿಂಗ್ ಮತ್ತು ಕಾಲಿನ ಕಡೆಯ ಎಣ್ಣೆ ಸೇರಿ ಎದುರು ತಳ್ಳುತ್ತವೆ. "ವೇಗ ಬಂದಿದೆ, ಏರಿಸು" ಅನ್ನುತ್ತದೆ ಒಂದು ಕಡೆ. "ಇನ್ನೂ ಎಳೆತ ಬೇಕು, ಇರು" ಅನ್ನುತ್ತದೆ ಇನ್ನೊಂದು ಕಡೆ. ಗವರ್ನರ್ ಗೆದ್ದ ಕ್ಷಣ ಸರಳು ಟಕ್ಕಂತ ಆಚೆ ಸರಿಯುತ್ತದೆ. ಅದರ ಕಿರಿದಾದ ಸೊಂಟ ಒಂದು ಕಾಲುವೆಗೆ ಎದುರಾಗುತ್ತದೆ, ಎಣ್ಣೆ ಮುಂದಿನ ಗೇರಿನ ಕ್ಲಚ್ಚಿಗೆ ನುಗ್ಗುತ್ತದೆ. ಗೇರ್ ಏರಿತು. ಕಾಲು ಹಗುರವಾಗಿದ್ದರೆ ಎದುರಾಳಿ ಸೋಲುವುದು ಬೇಗ, ಗೇರ್ ಬೇಗ ಏರುತ್ತದೆ. ಕಾಲು ಜೋರಾಗಿ ಒತ್ತಿದ್ದರೆ ಗವರ್ನರ್ ತುಂಬಾ ಹೊತ್ತು ಕಾಯಬೇಕು, ಗಾಡಿ ಅದೇ ಗೇರಿನಲ್ಲಿ ಕಿರುಚುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ಪೆಡಲನ್ನು ಪೂರ್ತಿ ನೆಲಕ್ಕೆ ತುಳಿದರೆ ಇನ್ನೊಂದು ವಾಲ್ವ್ ತೆರೆದು ಕಾಲಿನ ಪಕ್ಷಕ್ಕೆ ಹೆಚ್ಚಿನ ಒತ್ತಡ ಕೊಡುತ್ತದೆ. ಏರಿದ್ದ ಗೇರ್ ವಾಪಸ್ ಇಳಿಯುತ್ತದೆ. ಇದಕ್ಕೆ ಕಿಕ್‌ಡೌನ್ ಅನ್ನುತ್ತಾರೆ.

ಸರಳಿಗೂ ರಂಧ್ರಕ್ಕೂ ನಡುವೆ ಕೂದಲಿಗಿಂತ ಕಡಿಮೆ ಜಾಗ. ಎಣ್ಣೆಯಲ್ಲಿ ಕ್ಲಚ್ ಪ್ಲೇಟಿನ ಪುಡಿ ಬಂದು ಕೂತರೆ ಸರಳು ಸಿಕ್ಕಿಕೊಳ್ಳುತ್ತದೆ. ಕಾಲುವೆಗಳ ತಿರುವಿನಲ್ಲಿ ಪುಟ್ಟ ಉಕ್ಕಿನ ಗುಂಡುಗಳೂ ಇದ್ದವು. ಎಣ್ಣೆ ಒಂದು ಕಡೆಗೆ ಮಾತ್ರ ಹೋಗಲಿ ಅಂತ. ಮೆಕ್ಯಾನಿಕ್ ಅವನ್ನು ಒಂದು ಸ್ಟೀಲ್ ಬಟ್ಟಲಿಗೆ ಹಾಕಿ ಎರಡು ಸಲ ಎಣಿಸಿದರು. "ಒಂದು ತಪ್ಪಿದ್ರೂ ಮತ್ತೆ ಪೂರ್ತಿ ಬಿಚ್ಚಬೇಕು ಸಾರ್" ಅಂದರು.

ಏರುವ ಗೆರೆ ಬೇರೆ, ಇಳಿಯುವ ಗೆರೆ ಬೇರೆ

ಇಲ್ಲೊಂದು ಸೂಕ್ಷ್ಮ ಇದೆ. 40 ಕಿ.ಮೀ. ವೇಗದಲ್ಲಿ ಮೂರನೇ ಗೇರಿಗೆ ಏರುತ್ತದೆ ಅಂದುಕೊಳ್ಳಿ. 40ಕ್ಕಿಂತ ಕಡಿಮೆ ಆದ ತಕ್ಷಣ ಎರಡಕ್ಕೆ ಇಳಿಯಬೇಕಾ? ಹಾಗೆ ಮಾಡಿದರೆ ಟ್ರಾಫಿಕ್ಕಿನಲ್ಲಿ 39, 41, 39, 41 ಅಂತ ಹೋಗುವಾಗ ಗೇರ್‌ಬಾಕ್ಸ್ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಕೂತವರಿಗೆ ಹೊಟ್ಟೆ ತೊಳಸುತ್ತದೆ, ಕ್ಲಚ್ ಪ್ಲೇಟು ಸವೆಯುತ್ತದೆ. ಅದಕ್ಕೆ ಏರುವುದು 40ರಲ್ಲಾದರೆ ಇಳಿಯುವುದು 28ರಲ್ಲೋ 30ರಲ್ಲೋ ಆಗುವಂತೆ ಮಾಡುತ್ತಾರೆ. ನಡುವಿನ ಜಾಗದಲ್ಲಿ ಯಾವ ಗೇರಿನಲ್ಲಿದೆಯೋ ಅದರಲ್ಲೇ ಇರುತ್ತದೆ. ಹಳೆಯ ಶಿಫ್ಟ್ ವಾಲ್ವಿನಲ್ಲಿ ಇದನ್ನು ಚೆಂದವಾಗಿ ಮಾಡಿದ್ದರು. ಸರಳು ಒಮ್ಮೆ ಆಚೆ ಸರಿದರೆ ಕಾಲಿನ ಕಡೆಯ ಎಣ್ಣೆಯ ದಾರಿಯನ್ನು ತಾನೇ ಮುಚ್ಚಿಬಿಡುತ್ತಿತ್ತು. ಎದುರಾಳಿಯ ಬಲ ಕುಗ್ಗಿದ್ದರಿಂದ ವಾಪಸ್ ಬರಲು ವೇಗ ಇನ್ನೂ ಸಾಕಷ್ಟು ಇಳಿಯಬೇಕಿತ್ತು.

ಇವತ್ತಿನ ಕಾರುಗಳಲ್ಲಿ ಗವರ್ನರ್ ಇಲ್ಲ. ಶಾಫ್ಟಿನ ವೇಗ ಅಳೆಯಲು ಸೆನ್ಸರ್ ಇದೆ, ಪೆಡಲಿಗೆ ಸೆನ್ಸರ್ ಇದೆ. 1980ರ ದಶಕದಿಂದ ಒಂದೊಂದಾಗಿ ಕಾರುಗಳು ಕಂಪ್ಯೂಟರಿಗೆ ಬದಲಾದವು. ವಾಲ್ವ್ ಬಾಡಿ ಈಗಲೂ ಇದೆ. ಆದರೆ ಸರಳುಗಳನ್ನು ನಡೆಸುವುದು ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್.

ಕಂಪ್ಯೂಟರಿನೊಳಗೆ ಇರುವುದು ಒಂದು ನಕ್ಷೆ. ಶಾಲೆಯ ಗ್ರಾಫ್ ಹಾಳೆ ನೆನಪಿಸಿಕೊಳ್ಳಿ. ಎಡದಿಂದ ಬಲಕ್ಕೆ ವೇಗ. ಕೆಳಗಿನಿಂದ ಮೇಲಕ್ಕೆ ಪೆಡಲ್ ಎಷ್ಟು ಒತ್ತಿದೆ ಅನ್ನುವುದು. ಹಾಳೆಯ ಮೇಲೆ ಓರೆಯಾಗಿ ಕೆಲವು ಗೆರೆಗಳು. ಒಂದರಿಂದ ಎರಡಕ್ಕೆ ಏರುವ ಗೆರೆ, ಎರಡರಿಂದ ಒಂದಕ್ಕೆ ಇಳಿಯುವ ಗೆರೆ, ಹೀಗೆ ಪ್ರತಿ ಗೇರಿಗೂ ಜೋಡಿ. ಇಳಿಯುವ ಗೆರೆ ಯಾವಾಗಲೂ ಏರುವ ಗೆರೆಯ ಎಡಕ್ಕೆ. ನಿಮ್ಮ ಕಾರು ಈ ಹಾಳೆಯ ಮೇಲೆ ಓಡಾಡುವ ಒಂದು ಚುಕ್ಕೆ. ಸೆಕೆಂಡಿಗೆ ಹತ್ತಾರು ಸಲ ಕಂಪ್ಯೂಟರ್ ಆ ಚುಕ್ಕೆ ಎಲ್ಲಿದೆ ಅಂತ ನೋಡುತ್ತದೆ. ಗೆರೆ ದಾಟಿದರೆ ಗೇರ್ ಬದಲು.

ಈ ಹಾಳೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆಟೊಮ್ಯಾಟಿಕ್ ಕಾರಿನ ನಡವಳಿಕೆ ಪೂರ್ತಿ ಅರ್ಥವಾಗುತ್ತದೆ. ಕಾಲು ಹಾಗೇ ಇಟ್ಟು ವೇಗ ಹೆಚ್ಚಾದರೆ ಚುಕ್ಕೆ ಬಲಕ್ಕೆ ಸರಿದು ಏರುವ ಗೆರೆ ದಾಟುತ್ತದೆ. ಕಾಲು ಹಾಗೇ ಇದ್ದು ಏರಿನಿಂದ ವೇಗ ಬಿದ್ದರೆ ಚುಕ್ಕೆ ಎಡಕ್ಕೆ ಸರಿದು ಇಳಿಯುವ ಗೆರೆ ದಾಟುತ್ತದೆ. ಶಿರಾಡಿಯಲ್ಲಿ ಆದದ್ದು ಇದೇ. ಗೇರ್‌ಬಾಕ್ಸಿಗೆ ಏರು ಕಾಣಲಿಲ್ಲ. "ಇಷ್ಟು ಕೇಳುತ್ತಿದ್ದಾನೆ, ಆದರೂ ವೇಗ ಬೀಳುತ್ತಿದೆ" ಅನ್ನುವುದು ಮಾತ್ರ ಗೊತ್ತಾಯಿತು.

ಕಾಲನ್ನು ಜೋರಾಗಿ ಒತ್ತಿದಾಗ ವೇಗ ತಕ್ಷಣ ಬದಲಾಗುವುದಿಲ್ಲ, ಆದರೆ ಚುಕ್ಕೆ ಸೀದಾ ಮೇಲಕ್ಕೆ ಹಾರುತ್ತದೆ. ಗೆರೆಗಳು ಓರೆಯಾಗಿರುವುದರಿಂದ ಹಾಗೆ ಹಾರುವಾಗಲೇ ಒಂದೋ ಎರಡೋ ಇಳಿಯುವ ಗೆರೆ ದಾಟಿಬಿಡುತ್ತದೆ. ಕಿಕ್‌ಡೌನ್ ಅಂದರೆ ಇವತ್ತು ಇಷ್ಟೇ. ಇನ್ನು ಕಾಲು ಎತ್ತಿದರೆ ಚುಕ್ಕೆ ಕೆಳಕ್ಕೆ ಬೀಳುತ್ತದೆ, ಬೀಳುವಾಗ ಏರುವ ಗೆರೆ ದಾಟುತ್ತದೆ. ಅದಕ್ಕೇ ಕಾಲು ಸಡಿಲಿಸಿದ ಕೂಡಲೇ ಗೇರ್ ಏರುವುದು. ಸ್ಪೋರ್ಟ್ ಮೋಡ್ ಒತ್ತಿದರೆ ಗೆರೆಗಳೆಲ್ಲ ಬಲಕ್ಕೆ ಸರಿಯುತ್ತವೆ, ಗೇರ್ ತಡವಾಗಿ ಏರುತ್ತದೆ. ಇಕೋ ಒತ್ತಿದರೆ ಎಡಕ್ಕೆ.

ಎರಡು ಕೈ ಹಗ್ಗ ಬದಲಿಸಿದ ಹಾಗೆ

ಏರಿಸಬೇಕು ಅಂತ ನಿರ್ಧಾರ ಆಯಿತು. ಮುಂದೆ? ಮ್ಯಾನ್ಯುಯಲ್ ಗಾಡಿಯ ಹಾಗೆ ಒಂದು ಗೇರ್ ಬಿಡಿಸಿ ಇನ್ನೊಂದಕ್ಕೆ ಹಾಕುವುದು ಇಲ್ಲಿಲ್ಲ. ಒಳಗೆ ಇರುವುದು ಪ್ಲಾನೆಟರಿ ಗೇರ್. ನಡುವೆ ಸೂರ್ಯ ಅನ್ನುವ ಒಂದು ಹಲ್ಲಿನ ಚಕ್ರ, ಸುತ್ತ ಗ್ರಹ ಅನ್ನುವ ಮೂರೋ ನಾಲ್ಕೋ ಚಕ್ರ, ಎಲ್ಲದರ ಹೊರಗೆ ಒಳಹಲ್ಲಿನ ಬಳೆ. ಎಲ್ಲ ಹಲ್ಲುಗಳೂ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಬಳೆಯನ್ನು ಅಲುಗದಂತೆ ಹಿಡಿದು ಸೂರ್ಯನನ್ನು ತಿರುಗಿಸಿದರೆ ಗ್ರಹಗಳ ಚೌಕಟ್ಟು ನಿಧಾನವಾಗಿ, ಆದರೆ ಬಲವಾಗಿ ತಿರುಗುತ್ತದೆ. ಯಾವುದಾದರೂ ಎರಡನ್ನು ಒಂದಕ್ಕೊಂದು ಬಿಗಿದರೆ ಇಡೀ ಗುಂಪು ಒಟ್ಟಿಗೆ ಸುತ್ತುತ್ತದೆ. ಯಾವುದನ್ನು ಹಿಡಿದಿದ್ದೀರಿ, ಯಾವುದನ್ನು ಬಿಟ್ಟಿದ್ದೀರಿ ಅನ್ನುವುದೇ ಗೇರ್. ಹಿಡಿಯುವ ಕೆಲಸಕ್ಕೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳ ಕಟ್ಟುಗಳಿವೆ. ಜರ್ಮನಿಯ ಝಡ್‌ಎಫ್ ಕಂಪನಿಯ ಎಂಟು ಗೇರಿನ ಪೆಟ್ಟಿಗೆಯಲ್ಲಿ ಇಂಥ ಪ್ಲಾನೆಟರಿ ಗುಂಪು ನಾಲ್ಕು, ಹಿಡಿಯುವ ಭಾಗ ಐದೇ ಐದು. ಯಾವ ಗೇರಿನಲ್ಲೇ ಇರಲಿ, ಮೂರು ಹಿಡಿದಿರುತ್ತವೆ, ಎರಡು ಬಿಟ್ಟಿರುತ್ತವೆ.

ಗೇರ್ ಬದಲಾಗುವುದು ಅಂದರೆ ಒಂದು ಕ್ಲಚ್ ಬಿಡುತ್ತಿರುವಾಗಲೇ ಇನ್ನೊಂದು ಹಿಡಿಯುವುದು. ಬಾವಿಯಿಂದ ನೀರು ಸೇದುವಾಗ ಒಂದು ಕೈ ಹಗ್ಗ ಬಿಡುವ ಹೊತ್ತಿಗೆ ಇನ್ನೊಂದು ಕೈ ಹಿಡಿದಿರಬೇಕಲ್ಲ, ಹಾಗೆ. ಹಳೆಯದು ಬೇಗ ಬಿಟ್ಟರೆ ಎಂಜಿನ್ ಹಿಡಿತವಿಲ್ಲದೆ ಸುಮ್ನೆ ರೈಸ್ ಆಗುತ್ತದೆ. ಹೊಸದು ಬೇಗ ಹಿಡಿದರೆ ಎರಡೂ ಒಟ್ಟಿಗೆ ಬಿಗಿದು ಗಾಡಿ ಜಗ್ಗುತ್ತದೆ. ಇದೆಲ್ಲ ಅರ್ಧ ಸೆಕೆಂಡಿನ ಒಳಗೆ ಮುಗಿಯಬೇಕು. ಈಗಿನ ಒಳ್ಳೆಯ ಪೆಟ್ಟಿಗೆಗಳಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಸಾಕು. ಆ ಹೊತ್ತಿಗೆ ಗೇರ್‌ಬಾಕ್ಸಿನ ಕಂಪ್ಯೂಟರ್ ಎಂಜಿನ್ನಿನ ಕಂಪ್ಯೂಟರಿಗೆ "ಒಂದು ಕ್ಷಣ ಬಲ ತಗ್ಗಿಸು" ಅಂತ ಕೇಳುತ್ತದೆ. ಎಂಜಿನ್ ಕಿಡಿ ಹಾರಿಸುವುದನ್ನು ಸ್ವಲ್ಪ ತಡ ಮಾಡಿ ಬಲ ಇಳಿಸುತ್ತದೆ. ಮಾವ ಲಾರಿಯಲ್ಲಿ ಗೇರ್ ಹಾಕುವಾಗ ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಿದ್ದರಲ್ಲ, ಅದೇ ಕೆಲಸ.

ಕ್ಲಚ್ ಪ್ಲೇಟು ಸವೆದಂತೆ ಎಣ್ಣೆ ತುಂಬಿ ಹಿಡಿಯಲು ತಗಲುವ ಸಮಯ ಬದಲಾಗುತ್ತದೆ. ಕಂಪ್ಯೂಟರ್ ಪ್ರತಿ ಸಲ ಅಳೆದು ಮುಂದಿನ ಸಲಕ್ಕೆ ಒತ್ತಡ ಸರಿಮಾಡಿಕೊಳ್ಳುತ್ತದೆ. "ಗೇರ್‌ಬಾಕ್ಸ್ ಕಲಿಯುತ್ತದೆ" ಅಂತ ಜನ ಹೇಳುವಾಗ ಮುಖ್ಯವಾಗಿ ಈ ಕಲಿಕೆಯೇ ಅದು. ಗೇರ್‌ಬಾಕ್ಸ್ ರಿಪೇರಿ ಆದಮೇಲೆ ಕೆಲವು ದಿನ ಜಗ್ಗಿದಂತಾಗಿ ಆಮೇಲೆ ಸರಿಹೋಗುವುದೂ ಇದರಿಂದಲೇ. ಚಳಿಗಾಲದಲ್ಲಿ ಮಡಿಕೇರಿಯಲ್ಲಿ ಬೆಳಗ್ಗೆ ಗಾಡಿ ತೆಗೆದರೆ ಮೊದಲ ಕೆಲವು ನಿಮಿಷ ಗೇರ್ ತಡವಾಗಿ ಏರುತ್ತದೆ. ಎಣ್ಣೆ ತಣ್ಣಗೆ ಗಟ್ಟಿಯಾಗಿರುತ್ತದೆ, ಎಂಜಿನ್ ಬೇಗ ಬಿಸಿಯಾಗಲಿ ಅಂತಲೂ ಕಂಪ್ಯೂಟರ್ ಬೇರೆ ನಕ್ಷೆ ಹಿಡಿದಿರುತ್ತದೆ. ಗಾಡಿ ಕೆಟ್ಟಿದೆ ಅಂತ ಗಾಬರಿಯಾಗಬೇಕಿಲ್ಲ.

ನಿಂತಾಗ ಎಂಜಿನ್ ಆಫ್ ಆಗದಿರುವುದಕ್ಕೆ ಕಾರಣ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್. ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಇನ್ನೊಂದೂ ಗಾಳಿಗೆ ತಿರುಗುತ್ತದಲ್ಲ, ಇಲ್ಲಿ ಗಾಳಿಯ ಬದಲು ಎಣ್ಣೆ. ಜರ್ಮನಿಯ ಹರ್ಮನ್ ಫೋಟಿಂಗರ್ ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದದ್ದು, ಹಡಗುಗಳಿಗೆ ಅಂತ. ಎಣ್ಣೆ ಜಾರುವಾಗ ಇಂಧನ ದಂಡ. ಅದಕ್ಕೆ ವೇಗ ಬಂದಮೇಲೆ ಎರಡನ್ನೂ ಒಂದು ಕ್ಲಚ್ಚಿನಿಂದ ಬಿಗಿದುಬಿಡುತ್ತಾರೆ. ಅದನ್ನು ಯಾವಾಗ ಬಿಗಿಯಬೇಕು ಅನ್ನುವುದಕ್ಕೂ ಅದೇ ಗ್ರಾಫ್ ಹಾಳೆಯಲ್ಲಿ ಬೇರೆ ಗೆರೆಗಳಿವೆ. ಟಾಪ್ ಗೇರ್ ಬಿದ್ದಮೇಲೂ ಎಂಜಿನ್ ಸುತ್ತು ಇನ್ನೊಂದು ಸಲ ಸಣ್ಣಗೆ ಇಳಿದರೆ ಅದು ಈ ಬಿಗಿತ.

ಘಾಟಿಯಲ್ಲಿ ನಕ್ಷೆ ಸೋಲುವುದು ಎಲ್ಲಿ

ಬರೀ ಎರಡು ಸಂಗತಿ ನೋಡುವ ನಕ್ಷೆ ಸಮತಟ್ಟಿನಲ್ಲಿ ಚೆನ್ನಾಗಿ ನಡೆಯುತ್ತದೆ. ಘಾಟಿಯಲ್ಲಿ ಎಡವುತ್ತದೆ. ಹತ್ತುವಾಗ ತಿರುವು ಬಂತು, ನೀವು ಕಾಲು ಎತ್ತಿದಿರಿ. ಚುಕ್ಕೆ ಬಿತ್ತು, ಗೇರ್ ಏರಿತು. ತಿರುವು ಮುಗಿದು ಮತ್ತೆ ಒತ್ತಿದಿರಿ. ಮೇಲಿನ ಗೇರಿನಲ್ಲಿ ಎಳೆತ ಇಲ್ಲ. ಇನ್ನೂ ಒತ್ತಿದಿರಿ, ಗೇರ್ ಇಳಿಯಿತು. ಮುಂದಿನ ತಿರುವಿನಲ್ಲೂ ಇದೇ ಕಥೆ. ಹಿಂದೆ ಕೂತ ಮಕ್ಕಳು ವಾಂತಿ ಮಾಡಿಕೊಳ್ಳುವುದರಲ್ಲಿ ಇದರ ಪಾಲೂ ಇದೆ.

ಇದಕ್ಕೆ ಕಂಪನಿಗಳು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಎಂಜಿನ್ ಈಗ ಎಷ್ಟು ಬಲ ಕೊಡುತ್ತಿದೆ ಅನ್ನುವುದು ಕಂಪ್ಯೂಟರಿಗೆ ಗೊತ್ತು. ಆ ಬಲಕ್ಕೆ ಸಮತಟ್ಟಿನಲ್ಲಿ ಗಾಡಿ ಎಷ್ಟು ಬೇಗ ವೇಗ ಹೆಚ್ಚಿಸಿಕೊಳ್ಳಬೇಕು ಅನ್ನುವುದೂ ಗೊತ್ತು. ಆದರೆ ನಿಜವಾಗಿ ಅಷ್ಟು ಹೆಚ್ಚುತ್ತಿಲ್ಲ. ಹಾಗಾದರೆ ಏರು ಇರಬೇಕು, ಇಲ್ಲವೇ ಗಾಡಿಯಲ್ಲಿ ಜನ, ಸಾಮಾನು ತುಂಬಿರಬೇಕು. ಎರಡರಲ್ಲೂ ಮಾಡಬೇಕಾದ್ದು ಒಂದೇ: ಕೆಳಗಿನ ಗೇರನ್ನು ಇನ್ನಷ್ಟು ಹೊತ್ತು ಹಿಡಿದಿಡುವುದು. ಕಾಲು ಎತ್ತಿಯೂ ವೇಗ ಹೆಚ್ಚುತ್ತಿದ್ದರೆ ಇಳಿಜಾರು. ಆಗ ನೀವು ಬ್ರೇಕ್ ಮುಟ್ಟಿದ ಕೂಡಲೇ ಗೇರ್ ಇಳಿಸಿ ಎಂಜಿನ್ನಿನಿಂದಲೂ ಗಾಡಿಯನ್ನು ತಡೆಯುತ್ತದೆ. ಕಾಲನ್ನು ಎಷ್ಟು ಬೇಗ ಎತ್ತಿದಿರಿ ಅನ್ನುವುದನ್ನೂ ಕೆಲವು ಕಾರು ಗಮನಿಸುತ್ತವೆ. ಮೆಲ್ಲಗೆ ಎತ್ತಿದರೆ ಆರಾಮಾಗಿ ಹೋಗುತ್ತಿದ್ದೀರಿ ಅಂತ ಏರಿಸುತ್ತವೆ. ಸರಕ್ಕನೆ ಎತ್ತಿದರೆ ಮುಂದೆ ತಿರುವೋ ಅಡ್ಡಿಯೋ ಇರಬೇಕು ಅಂತ ಇದ್ದ ಗೇರಿನಲ್ಲೇ ಇರುತ್ತವೆ. ಬದಿಗೆ ಎಳೆಯುವ ಬಲ ಅಳೆದು, ತಿರುವಿನ ನಡುವೆ ಗೇರ್ ಮುಟ್ಟದ ಕಾರುಗಳೂ ಇವೆ.

ಆದರೂ ಇದೆಲ್ಲ ಆದಮೇಲೆ ತಿಳಿಯುವ ಬುದ್ಧಿ. ಏರು ಶುರುವಾದ ಮೇಲೆ ಏರು ಗೊತ್ತಾಗುತ್ತದೆ. ರೋಲ್ಸ್ ರಾಯ್ಸ್ 2013ರಲ್ಲಿ ತನ್ನ ರೇತ್ ಕಾರಿನಲ್ಲಿ ಉಪಗ್ರಹದ ಜಿಪಿಎಸ್ ಮತ್ತು ಭೂಪಟ ನೋಡಿ ಮುಂದಿನ ತಿರುವಿಗೆ ಮೊದಲೇ ಗೇರ್ ಸಿದ್ಧ ಮಾಡಿಕೊಳ್ಳುವ ವ್ಯವಸ್ಥೆ ತಂದಿತು. ನಮ್ಮ ನಿಮ್ಮ ಕಾರಿಗೆ ಮುಂದಿನ ತಿರುವು ಕಾಣುವುದು ನಮ್ಮ ಕಣ್ಣಿನಿಂದಲೇ. ಅದಕ್ಕೇ ಘಾಟಿ ಇಳಿಯುವಾಗ ಬರೀ ಡಿ (ಡ್ರೈವ್) ಯಲ್ಲಿ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟು ಕೂರಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಬ್ರೇಕ್ ಕಾದು ಹಿಡಿತ ಕಳೆದುಕೊಂಡರೆ ಯಾವ ಕಂಪ್ಯೂಟರೂ ನೆರವಿಗೆ ಬರುವುದಿಲ್ಲ. ಮ್ಯಾನ್ಯುಯಲ್ ಮೋಡಿಗೋ ಎಲ್‌ಗೋ (ಲೋ) ಹಾಕಿ ಎರಡನೇ ಗೇರಿನಲ್ಲಿ ಇಳಿಯಿರಿ. ಸದ್ದು ಜಾಸ್ತಿ ಬಂದರೆ ಬರಲಿ, ಎಂಜಿನ್ನಿಗೆ ಏನೂ ಆಗುವುದಿಲ್ಲ. ಕೆಂಪು ಗೆರೆ ದಾಟುವಂತಿದ್ದರೆ ಗೇರ್ ಇಳಿಸಲು ಈಗಿನ ಕಾರುಗಳು ತಾವೇ ಒಪ್ಪುವುದಿಲ್ಲ.

ನಮ್ಮಲ್ಲಿ ಕಡಿಮೆ ಬೆಲೆಯ ಆಟೊಮ್ಯಾಟಿಕ್ ಅಂದರೆ ಹೆಚ್ಚಾಗಿ ಎಎಂಟಿ (ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್). 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಭಾರತಕ್ಕೆ ಬಂತು. ಅದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯಲು, ಗೇರ್ ಹಾಕಲು ಮೇಲೆ ಯಂತ್ರದ ಕೈ ಕೂರಿಸಿದ್ದಾರೆ. ನಿರ್ಧಾರ ಅದೇ ನಕ್ಷೆಯದ್ದು. ಇರುವುದು ಒಂದೇ ಕ್ಲಚ್ ಆದ್ದರಿಂದ ಗೇರ್ ಬದಲಾಗುವಾಗ ಒಂದು ಕ್ಷಣ ಎಳೆತ ನಿಲ್ಲುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ. ಗೇರ್ ಏರುವ ಹೊತ್ತು ಬಂತು ಅನ್ನಿಸಿದಾಗ ಕಾಲು ಸ್ವಲ್ಪ ಸಡಿಲಿಸಿ ನೋಡಿ. ಚುಕ್ಕೆ ಕೆಳಗೆ ಬಂದು ಗೆರೆ ದಾಟುತ್ತದೆ, ನೀವು ಹೇಳಿದಾಗಲೇ ಗೇರ್ ಏರುತ್ತದೆ, ಜಗ್ಗುವುದೂ ಕಡಿಮೆ. ಬೆಸ ಗೇರುಗಳಿಗೊಂದು, ಸರಿ ಗೇರುಗಳಿಗೊಂದು ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗಾಡಿಗಳು ಮುಂದಿನ ಗೇರನ್ನು ಊಹಿಸಿ ಮೊದಲೇ ಹಾಕಿಟ್ಟುಕೊಂಡಿರುತ್ತವೆ. ಮೂರರಲ್ಲಿ ಓಡುವಾಗ ನಾಲ್ಕು ಸಿದ್ಧ. ಆಗ ನೀವು ಇದ್ದಕ್ಕಿದ್ದಂತೆ ಪೆಡಲ್ ತುಳಿದು ಎರಡು ಕೇಳಿದರೆ ನಾಲ್ಕನ್ನು ಬಿಡಿಸಿ ಎರಡನ್ನು ಹಾಕಬೇಕು. ಆ ಸಣ್ಣ ತಡವರಿಕೆ ಬರುವುದು ಇದರಿಂದ.

ಇನ್ನು ಸಿವಿಟಿ, ಅಂದರೆ ಮೆಟ್ಟಿಲಿಲ್ಲದೆ ಅನುಪಾತ ಬದಲಾಗುತ್ತಾ ಹೋಗುವ ಗೇರ್‌ಬಾಕ್ಸ್. ಇದನ್ನು ನೋಡಲು ಕಾರೇ ಬೇಕಿಲ್ಲ, ಮನೆಮುಂದೆ ನಿಂತ ಗೇರಿಲ್ಲದ ಸ್ಕೂಟರ್ ಸಾಕು. ಸರ್ವಿಸಿಗೆ ಬಿಟ್ಟಾಗ ಎಡಗಡೆ ಕವರ್ ಬಿಚ್ಚಿದರೆ ಹೋಗಿ ನೋಡಿ. ಮುಂದೊಂದು ಪುಲ್ಲಿ, ಹಿಂದೊಂದು ಪುಲ್ಲಿ, ನಡುವೆ ಅಗಲವಾದ ಬೆಲ್ಟ್. ಮುಂದಿನ ಪುಲ್ಲಿಯ ಒಳಗೆ ಗೋಲಿಯಷ್ಟು ದೊಡ್ಡ ಆರು ರೋಲರ್. ಎಂಜಿನ್ ಜೋರಾದಂತೆ ರೋಲರುಗಳು ಹೊರಕ್ಕೆ ಸಿಡಿದು ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ಒತ್ತುತ್ತವೆ. ಬೆಲ್ಟ್ ಮೇಲಕ್ಕೆ ಏರುತ್ತದೆ, ಗೇರ್ ಏರಿದಂತಾಯಿತು. ಹಿಂದಿನ ಪುಲ್ಲಿಯಲ್ಲಿ ಒಂದು ದಪ್ಪ ಸ್ಪ್ರಿಂಗ್ ಮತ್ತು ಓರೆಯಾದ ಜಾಡು ಇದೆ. ಏರು ಬಂದು ಚಕ್ರ ಭಾರವಾದರೆ ಅದು ತಿರುಚಿಕೊಂಡು ಬೆಲ್ಟನ್ನು ವಾಪಸ್ ಎಳೆಯುತ್ತದೆ, ಗೇರ್ ಇಳಿದಂತಾಯಿತು. ಒಂದು ಕಡೆ ವೇಗ, ಇನ್ನೊಂದು ಕಡೆ ಹೊರೆ. ಹೈಡ್ರಾ-ಮ್ಯಾಟಿಕ್‌ನ ಹಗ್ಗಜಗ್ಗಾಟವೇ ಇದು, ಇಲ್ಲಿ ಎಣ್ಣೆಯ ಬದಲು ಬೆಲ್ಟ್. ರೋಲರ್ ಸವೆದು ಚಪ್ಪಟೆಯಾದ ಸ್ಕೂಟರಿಗೆ ಪಿಕಪ್ ಸರಿ ಇರುವುದಿಲ್ಲ. ಅದರ ನಿರ್ಧಾರ ಮಾಡುವ ಭಾಗವೇ ಸವೆದಿರುತ್ತದೆ, ಅಲ್ವಾ.

ಮಂಗಳೂರಿನ ಕೆಲಸ ಇನ್ನೊಂದು ಸಲ ಬಿತ್ತು. ಈ ಸಲ ಸಕಲೇಶಪುರದಿಂದ ಕೆಳಗೆ ಇಳಿಯಬೇಕಿತ್ತು, ಮಾವನೇ ಓಡಿಸಿದರು. ಎಡಗಾಲನ್ನು ಸೀಟಿನ ಕೆಳಗೆ ಮಡಚಿ ಇಟ್ಟುಕೊಂಡಿದ್ದರು. ಮಾರನಹಳ್ಳಿ ದಾಟಿ ಮೊದಲ ಇಳಿಜಾರಿಗೆ ಇನ್ನೂ ನೂರು ಮೀಟರ್ ಇತ್ತು. ಎಡಗೈಯಿಂದ ಲಿವರನ್ನು ಪಕ್ಕಕ್ಕೆ ಸರಿಸಿ ಎರಡು ಸಲ ತಟ್ಟಿದರು. ಪರದೆಯ ಮೇಲೆ 2 ಅಂತ ಬಂತು, ಎಂಜಿನ್ ಗುರುಗುಟ್ಟಿತು, ಗಾಡಿ ಹಿಡಿದ ಹಾಗೆ ನಿಧಾನವಾಯಿತು. "ಇದಕ್ಕೆ ಕಾಣಲ್ವಲ್ಲ, ಅದಕ್ಕೆ ಮೊದಲೇ ಹೇಳ್ದೆ" ಅಂದರು, ಕಣ್ಣು ತಿರುವಿನ ಮೇಲಿಟ್ಟುಕೊಂಡೇ.